ಸ್ಥಾನಬಲ: ‘ಷೂಟ್ ಟು ಕಿಲ್’ ಎಂಬ ಚಲಚ್ಚಿತ್ರದ ವಿಮರ್ಶೆ

ನೀರಿನಲ್ಲಿರುವ ಮೊಸಳೆಯು ಆನೆಯನ್ನಾದರೂ ಸೆಳೆಯಬಲ್ಲುದು. ಅದೇ ಮೊಸಳೆಯು ದಡಕ್ಕೆ ಬಂದರೆ ನಾಯಿಗೂ ಸೋಲುವುದು ಎಂದು ಹಿಂದಿನ ನೀತಿಕಾರರು ಹೇಳಿರುವರು. ಬಲವು ಮೈಯಲ್ಲಿ ಎಷ್ಟಿರುವುದೋ ನಿಂತ ನೆಲದಲ್ಲಿಯೂ ಅಷ್ಟೇ ಇರುವುದೆಂಬುದು ಆ ಮಾತಿನ ತಾತ್ಪರ್ಯ. ಇದಕ್ಕೆ ಸ್ಥಾನಬಲವೆಂದು ಹೆಸರು. ಸ್ಥಾನಬಲವುಳ್ಳವನು ಗೆಲ್ಲುವುದು ಲೋಕದಲ್ಲಿ ಸಹಜವಾದುದರಿಂದ ಅದರಲ್ಲಿ ಕವಿಗೆ ಹೇಳುವುದಕ್ಕೆ ಹೆಚ್ಚೇನೂ ಉಳಿಯದು. ತನ್ನ ನೆಲವನ್ನು ಬಿಟ್ಟು ಪರರ ನೆಲದಲ್ಲಿ ಕಾಲಿಟ್ಟವನು ಏನಾಗುವನು, ಅಲ್ಲಿ ತನ್ನ ಅಭಿಮಾನವನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುವನು, ಎಷ್ಟರ ಮಟ್ಟಿಗೆ ಬಿಡಬೇಕಾಗುವುದು ಎಂಬುದೇ ಕಥೆಗೆ ತಕ್ಕ ವಸ್ತು. 1988ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಷೂಟ್ ಟು ಕಿಲ್’ ಎಂಬ ಚಿತ್ರದ ತಿರುಳು ಇದು. ಮೇಲೆ ನೋಡುವವರಿಗೆ ಅದು ಕೊಲೆಗಾರನೊಬ್ಬನನ್ನು ಕಾಡುಮೇಡುಗಳಲ್ಲಿ ಅಟ್ಟಿ ಹಿಡಿಯುವ ಕಥೆಯಾಗಿ ಮಾತ್ರ ತೋರುವುದು.

ಇಂತಹ ಕಥೆಗಳನ್ನು ವಿದ್ವಾಂಸರು ಸಾಮಾನ್ಯವಾಗಿ ವಿಮರ್ಶೆಗೆ ತಕ್ಕವೆಂದು ಎಣಿಸುವುದಿಲ್ಲ. ಪತ್ತೇದಾರಿ ಕಾದಂಬರಿಯನ್ನು ರೈಲಿನಲ್ಲಿ ಓದಿ ರೈಲಿನಲ್ಲಿಯೇ ಬಿಟ್ಟು ಬರುವಂತೆ, ಈ ಬಗೆಯ ಚಿತ್ರವನ್ನು ನೋಡಿ ಮರೆಯುವುದೇ ವಾಡಿಕೆ. ಔತ್ಸುಕ್ಯವನ್ನು ಕೆರಳಿಸಿ ತಣಿಸುವುದೊಂದೇ ಅದರ ಗುರಿಯಾಗಿದ್ದರೆ ಈ ತಿರಸ್ಕಾರವು ನ್ಯಾಯವೇ ಸರಿ. ಆದರೆ ಭಯಾನಕವೂ ಒಂದು ರಸವೆಂದು ಭರತನೇ ಒಪ್ಪಿರುವಾಗ, ಆ ರಸಕ್ಕೆ ಮೀಸಲಾದ ಕೃತಿಯನ್ನು ಅದರ ಜಾತಿಯಿಂದಲೇ ತಳ್ಳಿಬಿಡುವುದು ವಿಮರ್ಶೆಯಲ್ಲ. ಕೃತಿಯು ಭಯವನ್ನು ಯಾವ ಮೂಲದಿಂದ ಹುಟ್ಟಿಸಿತು, ಅದರ ಕೊನೆಗೆ ಪ್ರೇಕ್ಷಕನ ಮನಸ್ಸಿನಲ್ಲಿ ಏನನ್ನು ಉಳಿಸಿತು ಎಂಬುದನ್ನು ವಿಚಾರಿಸಬೇಕು.

ಚಿತ್ರದ ನಿರ್ದೇಶಕನು ರೋಜರ್ ಸ್ಪಾಟಿಸ್‌ವುಡ್. ಈತನು ನಿರ್ದೇಶಕನಾಗುವುದಕ್ಕೆ ಮೊದಲು ಸ್ಯಾಮ್ ಪೆಕಿನ್‌ಪಾನ ಚಿತ್ರಗಳಿಗೆ ಸಂಕಲನಕಾರನಾಗಿ ದುಡಿದವನು. 1983ರಲ್ಲಿ ‘ಅಂಡರ್ ಫೈರ್’ ಎಂಬ ಚಿತ್ರದಿಂದ ಹೆಸರು ಪಡೆದವನು. ಮೂಲಕಥೆಯನ್ನು ಹಾರ್ವ್ ಜಿಮ್ಮೆಲ್ ಎಂಬವನು ಬರೆದನು. ಚಿತ್ರಕಥೆಯಲ್ಲಿ ಅವನೊಡನೆ ಮೈಕೇಲ್ ಬರ್ಟನ್, ಡೇನಿಯಲ್ ಪೆಟ್ರಿ ಇವರೂ ಕೈಗೂಡಿಸಿದರು. ಅಮೆರಿಕದ ಹೊರಗೆ ಇದು ‘ಡೆಡ್ಲಿ ಪರ್‌ಸ್ಯೂಟ್’ ಎಂಬ ಹೆಸರಿನಿಂದ ಪ್ರದರ್ಶಿತವಾಯಿತು. ಎರಡು ಹೆಸರುಗಳೂ ಅಂಗಡಿಯ ಹಲಗೆಯಂತೆ ಕೂಗುವಂತಹವು. ಒಳಗಿರುವ ಸರಕು ಹೆಸರಿಗಿಂತ ಮೇಲಾದುದು.

ಕಥೆಯ ಸಾರವನ್ನು ಹೀಗೆ ಹೇಳಬಹುದು. ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ರತ್ನಪಡಿ ವ್ಯಾಪಾರಿಯೊಬ್ಬನು ನಡುರಾತ್ರಿಯಲ್ಲಿ ತನ್ನ ಅಂಗಡಿಗೆ ತಾನೇ ಕನ್ನವಿಕ್ಕುತ್ತಿರುವಾಗ ಸಿಕ್ಕಿಬೀಳುತ್ತಾನೆ. ಅವನ ಹೆಂಡತಿಯನ್ನು ಕ್ರೂರಿಯೊಬ್ಬನು ಮನೆಯಲ್ಲಿ ಒತ್ತೆಯಿಟ್ಟುಕೊಂಡು ವಜ್ರಗಳನ್ನು ಕೇಳಿರುವನೆಂದು ಆಮೇಲೆ ತಿಳಿಯುವುದು. ಅಮೆರಿಕದ ಕೇಂದ್ರ ಸರಕಾರದ ಅಪರಾಧ ಶೋಧನ ಸಂಸ್ಥೆಯಾದ ಎಫ್.ಬಿ.ಐ.ಯ ಅಧಿಕಾರಿ ವಾರನ್ ಸ್ಟಾಂಟಿನ್ ಎಂಬವನು ಅಲ್ಲಿಗೆ ಬರುತ್ತಾನೆ. ಮನೆಯ ಸುತ್ತಲೂ ಬಂದೂಕುಗಾರರು, ಕೈಯಲ್ಲಿ ಟೆಲಿಫೋನು, ಬೆನ್ನಿಗೆ ಸರಕಾರ. ಇಷ್ಟೆಲ್ಲ ಇದ್ದರೂ ಆ ಕ್ರೂರಿಯು ಒತ್ತೆಯಾಳುಗಳನ್ನು ಕೊಂದು ವಜ್ರಗಳೊಡನೆ ಪರಾರಿಯಾಗುತ್ತಾನೆ. ಅವನ ಮುಖವನ್ನು ಕಂಡವರಿಲ್ಲ. ಅವನ ಧ್ವನಿಯೊಂದು ಮಾತ್ರ ಸ್ಟಾಂಟಿನ್‌ನ ಕಿವಿಯಲ್ಲಿ ಉಳಿಯುವುದು. ಕೆಲವು ದಿನಗಳ ತರುವಾಯ ಕೆನಡಾ ದೇಶದ ಗಡಿಗೆ ಹತ್ತಿರವಾದ ಬೆಟ್ಟಗಳಲ್ಲಿ ಒಂದು ಶವವು ಸಿಕ್ಕುತ್ತದೆ. ಗಾಳ ಹಾಕಿ ಮೀನು ಹಿಡಿಯುವುದಕ್ಕಾಗಿ ಬೆಟ್ಟದೊಳಕ್ಕೆ ಹೊರಟಿದ್ದ ಐವರ ತಂಡದಲ್ಲಿ ಒಬ್ಬನನ್ನು ಕೊಂದು, ಅವನ ಹೆಸರಿನಲ್ಲಿ ಕೊಲೆಗಾರನೇ ಆ ತಂಡವನ್ನು ಸೇರಿರುವನು. ಆ ತಂಡಕ್ಕೆ ದಾರಿ ತೋರುತ್ತಿರುವವಳು ಸಾರಾ ಎಂಬ ಯುವತಿ. ಅವಳ ಒಲವಿನ ಗೆಳೆಯನೂ ಜೊತೆಯ ಮಾರ್ಗದರ್ಶಿಯೂ ಆದ ಜಾನಥನ್ ನಾಕ್ಸ್‌ನು ಅವಳನ್ನು ಉಳಿಸಲು ಒಬ್ಬನೇ ಹೊರಡಲು ಬಯಸುವನು. ಸ್ಟಾಂಟಿನ್‌ನು ತಾನೂ ಬರುವೆನೆಂದು ಹಟ ಹಿಡಿಯುವನು. ಇಲ್ಲಿಂದ ಮುಂದೆ ಕಥೆಯು ಈ ಇಬ್ಬರದು.

ಸ್ಟಾಂಟಿನ್‌ನು ಬೆಟ್ಟಕ್ಕೆ ಬರುವಾಗಲೇ ಸೋತು ಬಂದಿರುವನೆಂಬುದನ್ನು ಇಲ್ಲಿ ಗಮನಿಸಬೇಕು. ತನ್ನದೇ ನಗರದಲ್ಲಿ, ತನ್ನದೇ ವಿದ್ಯೆಯಲ್ಲಿ, ಸ್ಥಾನಬಲವೆಲ್ಲ ತನ್ನ ಕಡೆಗೇ ಇದ್ದಾಗ ಅವನು ಸೋತನು. ಒತ್ತೆಯಾಳುಗಳ ಜೀವವು ಅವನ ಮಾತಿನ ಮೇಲೆ ನಿಂತಿತ್ತು, ಮಾತು ಸಾಲಲಿಲ್ಲ. ಆದುದರಿಂದ ಅವನ ಹಟದಲ್ಲಿ ಅಧಿಕಾರದ ಗರ್ವಕ್ಕಿಂತ ಋಣದ ಭಾರವೇ ಹೆಚ್ಚಾಗಿ ಕಾಣುವುದು. ಚಿತ್ರದ ಮೊದಲ ಭಾಗವನ್ನು ಕೇವಲ ಪೀಠಿಕೆಯೆಂದು ತಿಳಿದವರು ಈ ಅಂಶವನ್ನು ಮರೆಯುವರು. ಆ ಸೋಲು ಇಲ್ಲದಿದ್ದರೆ, ಬೆಟ್ಟದಲ್ಲಿ ಅವನು ಪಡುವ ಪಾಡೆಲ್ಲ ಬರಿಯ ನಗೆಗೀಡಾಗುತ್ತಿತ್ತು.

ನಾಕ್ಸ್‌ನ ನಿಲವು ಬೇರೆ. ಅವನಿಗೆ ಬೆಟ್ಟವೇ ಮನೆ. ಮನುಷ್ಯರ ಸಂಗವು ಅವನಿಗೆ ಅಷ್ಟಾಗಿ ಸೇರದು. ಪೇಟೆಯವನೊಬ್ಬನು ಜೊತೆಗೆ ಬಂದರೆ ತನ್ನ ನಡಿಗೆಯು ನಿಧಾನವಾಗುವುದು, ನಿಧಾನವಾದಷ್ಟೂ ಸಾರಾಳ ಆಯುಸ್ಸು ಕುಗ್ಗುವುದು ಎಂಬುದು ಅವನ ಲೆಕ್ಕ. ಆ ಲೆಕ್ಕದಲ್ಲಿ ತಪ್ಪಿಲ್ಲ. ಇಬ್ಬರ ಜಗಳದಲ್ಲಿ ಇಬ್ಬರೂ ಸರಿಯಾಗಿರುವುದೇ ಈ ಕಥೆಯ ಗಟ್ಟಿತನಕ್ಕೆ ಕಾರಣ. ಒಬ್ಬನನ್ನು ಮೂರ್ಖನನ್ನಾಗಿಯೂ ಮತ್ತೊಬ್ಬನನ್ನು ಜಾಣನನ್ನಾಗಿಯೂ ಮಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭವಾಗಿತ್ತು; ಲೇಖಕರು ಆ ಸುಲಭದ ದಾರಿಯನ್ನು ಹಿಡಿಯಲಿಲ್ಲ.

ಇಂದ್ರಕೀಲದಲ್ಲಿ ಅರ್ಜುನನಿಗೆ ಕಿರಾತನು ಎದುರಾದ ಕಥೆಯನ್ನು ಬಲ್ಲವರಿಗೆ ಇಲ್ಲಿ ಒಂದು ಹೋಲಿಕೆಯು ಹೊಳೆಯಬಹುದು. ಬೆಟ್ಟದ ಬೇಡನೆಂದು ಅರ್ಜುನನು ಯಾರನ್ನು ಕೀಳಾಗಿ ಎಣಿಸಿದನೋ ಅವನ ಮುಂದೆ ಗಾಂಡೀವದ ವಿದ್ಯೆಯೆಲ್ಲ ಬರಿದಾಯಿತು. ಸೋತ ಮೇಲೆಯೇ ಪಾಶುಪತವು ಕೈಗೂಡಿತು. ಅಲ್ಲಿಯ ದೈವಿಕ ಮಹಿಮೆಯನ್ನು ಈ ಸಾಮಾನ್ಯ ಚಿತ್ರಕ್ಕೆ ಆರೋಪಿಸುವುದು ಸಲ್ಲದು. ಆದರೆ ವೀರನು ಶಿಷ್ಯನಾಗಬೇಕಾದರೆ ಮೊದಲು ತನ್ನ ಬಿಲ್ಲು ಬರಿದಾಗಬೇಕು ಎಂಬ ಧರ್ಮವು ಎರಡು ಕಡೆಯಲ್ಲಿಯೂ ಒಂದೇ.

ಆ ಶಿಷ್ಯತ್ವವನ್ನು ಚಿತ್ರವು ಮಾತಿನಿಂದ ಹೇಳದೆ ಕೆಲಸದಿಂದ ತೋರಿಸುವುದು. ಆಳವಾದ ಕಮರಿಯೊಂದನ್ನು ದಾಟುವ ಪ್ರಕರಣವು ಇದಕ್ಕೆ ಮುಖ್ಯವಾದ ನಿದರ್ಶನ. ಅಲ್ಲಿ ಹಗ್ಗವೊಂದೇ ಆಸರೆ. ಬೆಟ್ಟವನ್ನು ಬಲ್ಲ ನಾಕ್ಸ್‌ನೇ ಬಂಡೆಗೆ ಅಪ್ಪಳಿಸುವನು. ಬಲ್ಲವನಿಗೂ ಬೆಟ್ಟವು ರಿಯಾಯಿತಿ ತೋರಿಸುವುದಿಲ್ಲವೆಂಬ ಅರಿವು ಅಲ್ಲಿ ಸ್ಟಾಂಟಿನ್‌ನಿಗೂ ಪ್ರೇಕ್ಷಕನಿಗೂ ಒಟ್ಟಿಗೆ ಉಂಟಾಗುವುದು. ಆ ಗಳಿಗೆಯವರೆಗೂ ಹೊರೆಯಾಗಿದ್ದವನು ಆ ಗಳಿಗೆಯಲ್ಲಿ ಬೇಕಾದವನಾಗುವನು. ತರುವಾಯ ಹಿಮಗಾಳಿಯು ಬೀಸುವುದು. ಹಿಮದಲ್ಲಿ ಗೂಡು ತೋಡಿ, ಒಬ್ಬರ ಮೈಯ ಕಾವಿನಿಂದ ಇನ್ನೊಬ್ಬರು ಬದುಕುವಂತೆ ರಾತ್ರಿಯನ್ನು ಕಳೆಯಬೇಕಾಗುವುದು. ಒಬ್ಬರನ್ನೊಬ್ಬರು ಸಹಿಸದವರು ಹೀಗೆ ಅಪ್ಪಿಕೊಂಡು ಮಲಗುವಲ್ಲಿ ಹಾಸ್ಯವೂ ಇದೆ, ಕರುಣೆಯೂ ಇದೆ. ಸ್ನೇಹವನ್ನು ಕುರಿತು ಒಂದು ಮಾತೂ ಇಲ್ಲ. ಈ ಮಿತಭಾಷಿತ್ವವು ಚಿತ್ರದ ದೊಡ್ಡ ಗುಣಗಳಲ್ಲಿ ಒಂದು.

ಕರಡಿಯ ಪ್ರಕರಣವನ್ನು ಕೆಲವರು ಅತಿಯೆಂದು ಆಕ್ಷೇಪಿಸಬಹುದು. ಎದುರಿಗೆ ನಿಂತ ಭಾರಿಯ ಕರಡಿಯನ್ನು ಸ್ಟಾಂಟಿನ್‌ನು ಕೂಗಾಡಿ ಕುಣಿದಾಡಿ ಹೆದರಿಸಿ ಓಡಿಸುವನು. ಭಯಾನಕದ ನಡುವೆ ಹಾಸ್ಯವನ್ನು ಇಡುವುದು ಅಪಾಯದ ಕೆಲಸ. ಕೈ ತಪ್ಪಿದರೆ ಎರಡೂ ಕೆಡುವುವು. ಇಲ್ಲಿ ಎರಡೂ ಕೆಡಲಿಲ್ಲ. ಅದಕ್ಕೆ ಕಾರಣ ಔಚಿತ್ಯ. ನಗರದಲ್ಲಿ ಯಾವ ಧ್ವನಿಯು ಕೊಲೆಗಾರನ ಮುಂದೆ ನಿಷ್ಫಲವಾಯಿತೋ ಅದೇ ಧ್ವನಿಯು ಇಲ್ಲಿ ಸಫಲವಾಗುವುದು. ಬೆಟ್ಟದವನು ಬೆರಗಾಗಿ ನೋಡುವನು: ಅವನ ಶಾಸ್ತ್ರದಲ್ಲಿ ಇಲ್ಲದ ಉಪಾಯವೊಂದು ಪೇಟೆಯವನ ಬಾಯಿಂದ ಹೊರಟಿತು. ಕಲಿಯುವವನು ಕಲಿಸುವವನಿಗೆ ಒಂದು ಪಾಠವನ್ನು ಹೀಗೆ ಹಿಂದಿರುಗಿಸಿದಾಗ ನಗುವು ತಾನಾಗಿಯೇ ಬರುವುದು.

ಇನ್ನು ಕೊಲೆಗಾರನ ವಿಚಾರ. ಚಿತ್ರದ ಸುಮಾರು ಅರ್ಧದವರೆಗೆ ಐವರಲ್ಲಿ ಅವನಾರೆಂಬುದು ಪ್ರೇಕ್ಷಕನಿಗೆ ತಿಳಿಯದು. ಧ್ವನಿಯನ್ನು ಕೇಳಿಸಿ ಮುಖವನ್ನು ಮರೆಮಾಡಿದ ಈ ತಂತ್ರವು ಬಹಳ ಪರಿಣಾಮಕಾರಿಯಾಗಿದೆ. ಅದಕ್ಕೆ ಪಾತ್ರಧಾರಿಗಳ ಆಯ್ಕೆಯೂ ನೆರವಾಗಿದೆ. 1971ರ ‘ಡರ್ಟಿ ಹ್ಯಾರಿ’ಯಲ್ಲಿ ಕೊಲೆಗಡುಕನಾಗಿದ್ದ ಆಂಡ್ರೂ ರಾಬಿನ್ಸನ್, 1986ರ ‘ಹೈಲ್ಯಾಂಡರ್’ನಲ್ಲಿ ಖಳನಾಗಿದ್ದ ಕ್ಲ್ಯಾನ್ಸಿ ಬ್ರೌನ್ ಇಬ್ಬರೂ ಆ ಐವರಲ್ಲಿ ಸೇರಿರುವರು. ಹಳೆಯ ಚಿತ್ರಗಳನ್ನು ನೋಡಿದವನು ಅನುಮಾನಪಡುವುದಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ಸಿಕ್ಕುವಂತೆ ಮಾಡಿ, ನೆನಪಿನ ಶಕ್ತಿಯನ್ನೇ ಅವನಿಗೆ ವಿರೋಧವಾಗಿ ತಿರುಗಿಸಿದ ಈ ಉಪಾಯವು ಮೆಚ್ಚತಕ್ಕುದು. ಕೊನೆಗೆ ಪ್ರಪಾತದ ಅಂಚಿನಲ್ಲಿ ನಿಜವು ಬಯಲಾಗುವ ಸನ್ನಿವೇಶವು ಎಷ್ಟು ಹಠಾತ್ತಾಗಿ ಬರುವುದೆಂದರೆ, ಕಾದಿದ್ದವನೂ ಬೆಚ್ಚುವನು. ಅವನಾರೆಂಬುದನ್ನು ಇಲ್ಲಿ ಹೇಳಿಬಿಡುವುದು ಚಿತ್ರವನ್ನು ಇನ್ನೂ ನೋಡದವರಿಗೆ ಮಾಡಿದ ಅನ್ಯಾಯವಾದೀತು.

ಈ ಖಳನ ಪೂರ್ವಕಥೆಯೇನು, ಅವನು ಇಷ್ಟು ನಿರ್ದಯನಾದುದು ಹೇಗೆ ಎಂಬುದನ್ನು ಚಿತ್ರವು ಬಿಡಿಸಿ ಹೇಳದೆಂಬುದು ಒಂದು ಆಕ್ಷೇಪ. ಮೇಲುನೋಟಕ್ಕೆ ಇದು ನ್ಯಾಯವಾಗಿ ತೋರುವುದು. ಆದರೆ ಸ್ಥಾನಬಲದ ದೃಷ್ಟಿಯಿಂದ ನೋಡಿದರೆ ಇದಕ್ಕೆ ಸಮಾಧಾನವಿದೆ. ಸ್ಟಾಂಟಿನ್‌ನಿಗೆ ಊರುಂಟು, ನಾಕ್ಸ್‌ನಿಗೆ ಬೆಟ್ಟವುಂಟು, ಈ ಮೂರನೆಯವನಿಗೆ ಯಾವ ಸ್ಥಾನವೂ ಇಲ್ಲ. ನಗರದಲ್ಲಿ ಅವನು ಬೇರೊಬ್ಬರ ಮನೆಯಲ್ಲಿ ಅಡಗಿದನು. ಬೆಟ್ಟದಲ್ಲಿ ಸತ್ತವನ ಹೆಸರನ್ನು ಹೊತ್ತು ನಡೆದನು. ದಾರಿಗಾಗಿ ಸಾರಾಳ ಅರಿವನ್ನು ಕಸಿದುಕೊಂಡನು. ಪರರ ಸ್ಥಾನವನ್ನು ಕದಿಯುವುದೇ ಅವನ ಬಲ. ಇಂತಹವನಿಗೆ ಜನನ, ಕುಲ, ಬಾಲ್ಯಗಳ ವಿವರವನ್ನು ಕೊಟ್ಟಿದ್ದರೆ ಅವನಿಗೂ ಒಂದು ನೆಲೆಯನ್ನು ಕೊಟ್ಟಂತಾಗುತ್ತಿತ್ತು. ಭಯವು ಅಷ್ಟರಮಟ್ಟಿಗೆ ಕುಗ್ಗುತ್ತಿತ್ತು.

ಚಿತ್ರದ ನಿಜವಾದ ಗೌರವವು ಸಿಡ್ನಿ ಪಾಯ್ಟಿಯರ್‌ನ ಅಭಿನಯದಿಂದ ಬಂದುದು. 1977ರ ‘ಎ ಪೀಸ್ ಆಫ್ ದಿ ಆಕ್ಷನ್’ ಆದ ಮೇಲೆ ಆತನು ತೆರೆಯ ಮೇಲೆ ಕಾಣಿಸಿಕೊಳ್ಳದೆ ನಿರ್ದೇಶನದಲ್ಲಿ ತೊಡಗಿದ್ದನು. ಹನ್ನೊಂದು ವರ್ಷಗಳ ತರುವಾಯ ಸ್ಟಾಂಟಿನ್‌ನ ಪಾತ್ರದಿಂದ ಹಿಂದಿರುಗಿದನು. ಆಗ ಆತನ ವಯಸ್ಸು 60. ಆತನ ಹಿಂದಿನ ಎರಡು ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಪಾತ್ರದ ಅರ್ಥವು ಇನ್ನಷ್ಟು ಬೆಳಗುವುದು.

ಮೊದಲನೆಯದು ಸ್ಟ್ಯಾನ್ಲಿ ಕ್ರೇಮರ್‌ನು 1958ರಲ್ಲಿ ನಿರ್ದೇಶಿಸಿದ ‘ದಿ ಡಿಫಯಂಟ್ ಒನ್ಸ್’. ಅದರಲ್ಲಿ ಕರಿಯ ಖೈದಿಯೊಬ್ಬನೂ ಬಿಳಿಯ ಖೈದಿಯೊಬ್ಬನೂ ಒಂದೇ ಸರಪಳಿಯಲ್ಲಿ ಬಿಗಿಯಲ್ಪಟ್ಟು ತಪ್ಪಿಸಿಕೊಂಡು ಓಡುವರು. ದ್ವೇಷಿಸುವವರನ್ನು ಕಬ್ಬಿಣವು ಒಟ್ಟಿಗಿಟ್ಟಿತು. ಕಬ್ಬಿಣವು ಕಳಚಿದ ಮೇಲೆಯೂ ಅವರು ಅಗಲಲಿಲ್ಲ. ಎರಡನೆಯದು 1967ರ ‘ಇನ್ ದಿ ಹೀಟ್ ಆಫ್ ದಿ ನೈಟ್’. ಅಲ್ಲಿಯೂ ಪಾಯ್ಟಿಯರ್‌ನು ನಗರದ ಪತ್ತೇದಾರ; ಫಿಲಡೆಲ್ಫಿಯಾದಿಂದ ಬಂದವನು ಮಿಸಿಸಿಪಿ ಪ್ರಾಂತದ ಸಣ್ಣ ಊರೊಂದರಲ್ಲಿ, ಮೈಬಣ್ಣದ ಕಾರಣದಿಂದಲೇ ಕೊಲೆಗಾರನೆಂಬ ಸಂಶಯಕ್ಕೆ ಗುರಿಯಾಗುವನು. ಅಲ್ಲಿ ಊರು ಪರಕೀಯವಾದರೂ ವಿದ್ಯೆಯು ಅವನದು; ಸ್ಥಳೀಯರಿಗಿಂತ ಅವನೇ ಹೆಚ್ಚು ಬಲ್ಲವನು, ಹೆಚ್ಚು ಬಲ್ಲವನೆಂದೇ ಅವನಿಗೆ ಮರ್ಯಾದೆ ದೊರೆಯುವುದು. ಆ ಕಾಲದಲ್ಲಿ ಕರಿಯ ನಟನೊಬ್ಬನು ಬಿಳಿಯರ ತೆರೆಯ ಮೇಲೆ ಗೌರವವನ್ನು ಪಡೆಯಬೇಕಾದರೆ ಎಲ್ಲರಿಗಿಂತಲೂ ಜಾಣನೂ ಶುಚಿಯೂ ಆಗಿರಲೇಬೇಕಾಗಿತ್ತು. ತಪ್ಪುವುದಕ್ಕೆ ಅವನಿಗೆ ಸ್ವಾತಂತ್ರ್ಯವಿರಲಿಲ್ಲ.

‘ಷೂಟ್ ಟು ಕಿಲ್’ನಲ್ಲಿ ಆ ಸ್ವಾತಂತ್ರ್ಯವು ದೊರೆತಿದೆ. ಇಲ್ಲಿ ಪಾಯ್ಟಿಯರ್‌ನು ಏದುಸಿರು ಬಿಡಬಹುದು, ಜಾರಬಹುದು, ಚಳಿಯಲ್ಲಿ ನಡುಗಬಹುದು, ತನಗೆ ತಿಳಿಯದೆಂದು ಒಪ್ಪಿಕೊಳ್ಳಬಹುದು. ಇದರಿಂದ ಅವನ ಘನತೆಗೆ ಕುಂದಿಲ್ಲ. ಒಂದೆರಡು ನಗೆಮಾತುಗಳನ್ನು ಬಿಟ್ಟರೆ ಮೈಬಣ್ಣದ ಪ್ರಸ್ತಾಪವೇ ಬಾರದು. ನಾಕ್ಸ್‌ನು ಅವನನ್ನು ಬೇಡವೆನ್ನುವುದು ಪೇಟೆಯವನೆಂದು. ಬಣ್ಣವನ್ನು ನೋಡಿ ಅಲ್ಲ. 1958ರಲ್ಲಿ ಸರಪಳಿಯಿದ್ದ ಸ್ಥಳದಲ್ಲಿ 1988ರಲ್ಲಿ ಹಗ್ಗವಿದೆ. ಸರಪಳಿಯನ್ನು ಅನ್ಯರು ತೊಡಿಸುವರು. ಹಗ್ಗವನ್ನು ತಾವೇ ಹಿಡಿಯಬೇಕು. ಮೂವತ್ತು ವರ್ಷಗಳ ಈ ಅಂತರವನ್ನು ಚಿತ್ರವು ಎಲ್ಲಿಯೂ ಸಾರಿ ಹೇಳುವುದಿಲ್ಲ. ಅಮೆರಿಕದಲ್ಲಿ ವರ್ಣದ್ವೇಷವು ಅಳಿಯಿತೆಂದು ಇದರಿಂದ ತಿಳಿಯಲಾಗದು. ಅದು ಅಳಿದೂ ಇರಲಿಲ್ಲ. ಆದರೆ ಒಬ್ಬ ನಟನ ಮಟ್ಟಿಗಾದರೂ, ತನ್ನ ಜನಾಂಗದ ಪ್ರತಿನಿಧಿಯೆಂಬ ಹೊರೆಯನ್ನು ಇಳಿಸಿ ಬರಿಯ ಮನುಷ್ಯನಾಗಿ ಬೆಟ್ಟವನ್ನು ಹತ್ತುವ ಅವಕಾಶವು ಒದಗಿತು. ಅದನ್ನು ಆತನು ಎಷ್ಟು ಸಂತೋಷದಿಂದ ಬಳಸಿಕೊಂಡನೆಂಬುದು ಕರಡಿಯ ಮುಂದೆ ಕುಣಿಯುವಾಗಲೇ ಗೊತ್ತಾಗುವುದು. ಟಾಮ್ ಬೆರೆಂಜರ್‌ನು ನಾಕ್ಸ್‌ನ ಪಾತ್ರದಲ್ಲಿ ಮುಂದೆ ನುಗ್ಗದೆ, ಬಿಗಿಯಾದ ಮೋರೆಯಲ್ಲಿ ಮೆಲ್ಲನೆ ಸಡಿಲವಾಗುವ ಮನಸ್ಸನ್ನು ತೋರಿಸಿ ಹಿರಿಯ ನಟನಿಗೆ ಸರಿಯಾದ ಜೊತೆಯಾಗಿರುವನು.

ದೋಷಗಳಲ್ಲಿ ಮುಖ್ಯವಾದುದು ಸಾರಾಳ ಪಾತ್ರಕ್ಕೆ ಸಂಬಂಧಿಸಿದುದು. ಕರ್ಸ್ಟಿ ಆಲಿಯು ಆ ಪಾತ್ರವನ್ನು ದೃಢವಾಗಿ ನಿರ್ವಹಿಸಿರುವಳು, ಕೊರತೆಯಿರುವುದು ರಚನೆಯಲ್ಲಿ. ಸಾರಾಳು ಅಬಲೆಯಲ್ಲ. ಐವರು ಗಂಡಸರನ್ನು ಕಾಡಿನೊಳಕ್ಕೆ ಕರೆದೊಯ್ಯುವ ಕಸುಬಿನವಳು. ಬೆಟ್ಟವನ್ನು ಬಲ್ಲವಳೆಂಬ ಒಂದೇ ಕಾರಣದಿಂದ ಖಳನು ಅವಳನ್ನು ಕೊಲ್ಲದೆ ಉಳಿಸಿಕೊಂಡಿರುವನು. ಎಂದರೆ ಆ ಬೆಟ್ಟದಲ್ಲಿ ಅವನ ಜೀವವೂ ಅವಳ ಕೈಯಲ್ಲಿಯೇ ಇದೆ. ಸ್ಥಾನಬಲದ ಕಥೆಗೆ ಇದಕ್ಕಿಂತ ಒಳ್ಳೆಯ ಸಂದರ್ಭವುಂಟೆ? ದಾರಿಯನ್ನು ತಪ್ಪಿಸಬಲ್ಲವಳು ಅವಳು. ಹಿಮವನ್ನು, ಬಂಡೆಯನ್ನು ಆಯುಧವಾಗಿ ಮಾಡಿಕೊಳ್ಳಬಲ್ಲವಳು ಅವಳು. ಲೇಖಕರು ಈ ಸಿರಿಯನ್ನು ಕಂಡೂ ಕಾಣದಂತೆ ಬಿಟ್ಟು, ಅವಳನ್ನು ಬಹುಮಟ್ಟಿಗೆ ಗಂಡಸರು ಬಂದು ಬಿಡಿಸಬೇಕಾದ ಒತ್ತೆಯಾಗಿ ಉಳಿಸಿರುವರು. ಮಾರ್ಗದರ್ಶಿಗಳು ಇಬ್ಬರಿದ್ದರೂ ಒಬ್ಬನ ಅರಿವಿಗೆ ಮಾತ್ರ ಕಥೆಯು ಬೆಲೆ ಕೊಟ್ಟಿತು.

ಎರಡನೆಯ ದೋಷವು ಉತ್ತರಭಾಗದ್ದು. ಬೆಟ್ಟವನ್ನು ದಾಟಿ ಕಥೆಯು ಕೆನಡಾದ ವ್ಯಾಂಕೂವರ್ ನಗರಕ್ಕೆ ಬರುವುದು. ಇಲ್ಲಿ ತಕ್ಕಡಿಯು ತಿರುಗಬೇಕಾಗಿತ್ತು. ಇಷ್ಟು ದೂರ ನಾಕ್ಸ್‌ನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟ ಸ್ಟಾಂಟಿನ್‌ನು ಈಗ ಮುಂದೆ ನಡೆಯಬೇಕು. ನಾಕ್ಸ್‌ನು ಬೀದಿಗಳಲ್ಲಿ ದಿಕ್ಕು ತೋಚದವನಾಗಬೇಕು. ಬೆಟ್ಟದಲ್ಲಿ ಕಲಿತ ತಾಳ್ಮೆಯು ನಗರದ ವಿದ್ಯೆಯನ್ನು ಹೇಗೆ ತಿದ್ದಿತೆಂಬುದು ಕಾಣಬೇಕು. ಚಿತ್ರವು ಇದನ್ನು ಸೂಚಿಸಿ ಅವಸರದಿಂದ ಕೈಬಿಡುವುದು. ಓಟ, ಗುಂಡು, ಮೋಟಾರುಗಳ ಅಬ್ಬರದಲ್ಲಿ ಕಥೆಯು ಇತರ ನೂರು ಚಿತ್ರಗಳಂತಾಗುವುದು. ಕಡೆಯ ಹೋರಾಟವು ಜನರನ್ನೂ ಮೋಟಾರುಗಳನ್ನೂ ದಾಟಿಸುವ ಹಡಗಿನಲ್ಲಿ ಮೊದಲಾಗಿ ನೀರಿನೊಳಗೆ ಮುಗಿಯುವುದು. ಊರೂ ಅಲ್ಲದ, ಬೆಟ್ಟವೂ ಅಲ್ಲದ, ಯಾರಿಗೂ ಸ್ಥಾನಬಲವಿಲ್ಲದ ಎಡೆಯಲ್ಲಿ ಕಥೆಯನ್ನು ಮುಗಿಸುವ ಕಲ್ಪನೆಯು ನಿಜವಾಗಿ ಉತ್ತಮವಾದುದು. ಅದು ಬುದ್ಧಿಪೂರ್ವಕವಾಗಿ ಬಂದಿತೋ, ಬರಿಯ ಚಮತ್ಕಾರಕ್ಕಾಗಿ ಬಂದಿತೋ ಎಂಬ ಸಂಶಯವು ಉಳಿಯುವಂತೆ ಮಾಡಿದುದೇ ನಿರ್ದೇಶಕನ ಕೊರತೆ.

ಛಾಯಾಗ್ರಾಹಕನಾದ ಮೈಕೇಲ್ ಚ್ಯಾಪ್‌ಮನ್‌ನ ಕೆಲಸವನ್ನು ಹೊಗಳದೆ ಇರಲಾಗದು. 1976ರ ‘ಟ್ಯಾಕ್ಸಿ ಡ್ರೈವರ್’ನಲ್ಲಿ ನಗರದ ರಾತ್ರಿಗಳನ್ನು ಚಿತ್ರಿಸಿದ ಕೈಯೇ ಇಲ್ಲಿ ಬೆಟ್ಟದ ಹಗಲನ್ನು ಚಿತ್ರಿಸಿದೆ. ಚಿತ್ರೀಕರಣವು ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ನಡೆಯಿತು. ಬೆಟ್ಟವು ಇಲ್ಲಿ ಸುಂದರವಾದ ಹಿನ್ನೆಲೆಯ ಪರದೆಯಲ್ಲ. ಅದು ಕಥೆಯ ಒಂದು ಪಾತ್ರ. ಅದು ಯಾರಿಗೂ ವಿರೋಧಿಯಲ್ಲ, ಯಾರ ಪಕ್ಷವೂ ಅಲ್ಲ. ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ಚಳಿ, ಒಂದೇ ಪ್ರಪಾತ. ಈ ನಿರ್ಲಿಪ್ತತೆಯಿಂದ ಬರುವ ಭಯವು ಕೊಲೆಗಾರನಿಂದ ಬರುವ ಭಯಕ್ಕಿಂತ ಗಂಭೀರವಾದುದು.

ಸಿಡ್ನಿ ಪಾಯ್ಟಿಯರ್‌ನು 2022ರ ಜನವರಿ 6ರಂದು ತೀರಿಕೊಂಡನು. ಕರ್ಸ್ಟಿ ಆಲಿಯೂ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಳು. ಪಾಯ್ಟಿಯರ್‌ನ ಕೀರ್ತಿಯನ್ನು ಎಣಿಸುವವರು 1964ರಲ್ಲಿ ಆತನಿಗೆ ಶ್ರೇಷ್ಠ ನಟನೆಂದು ಆಸ್ಕರ್ ಪದಕವನ್ನು ತಂದ ‘ಲಿಲೀಸ್ ಆಫ್ ದಿ ಫೀಲ್ಡ್’ ಮೊದಲಾದ ಚಿತ್ರಗಳನ್ನು ಹೆಸರಿಸುವರು. ಈ ಚಿತ್ರವನ್ನು ನೆನೆಯುವವರು ಕಡಮೆ. ಅದಕ್ಕೆ ಕಾರಣವಿಲ್ಲದಿಲ್ಲ, ಇದು ಮಹಾಕೃತಿಯಲ್ಲ. ಆದರೆ ತನ್ನ ವಿದ್ಯೆಯಲ್ಲಿ ನುರಿತ ಮನುಷ್ಯನು ನಡುವಯಸ್ಸನ್ನು ದಾಟಿದ ಮೇಲೆ, ತನಗಿಂತ ಕಿರಿಯನಾದವನ ಹಿಂದೆ ನಡೆದು, ಹೆಜ್ಜೆಯಿಡುವುದನ್ನು ಮೊದಲಿನಿಂದ ಕಲಿಯಬಹುದು ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಕೃತಿಗಳು ಹೆಚ್ಚಿಲ್ಲ. ಮೊಸಳೆಯು ನೆಲಕ್ಕೆ ಬಂದರೆ ಸೋಲುವುದೆಂದು ನೀತಿಕಾರರು ಹೇಳಿದರು. ನೆಲದ ನಡಿಗೆಯನ್ನು ಕಲಿತರೆ ಅದಕ್ಕೂ ಸೋಲಿಲ್ಲವೆಂಬ ಮಾತನ್ನು ಈ ಚಿತ್ರವು ಅದಕ್ಕೆ ಸೇರಿಸುವುದು.